ಪಿಶಾಚಿಯ ಎದುರು ನನ್ನತ್ತೆ

ನಾನಾಗ ಹೊಸ ಸೊಸೆ. ಬೀರೂರಿನ ಟೆಂಟಿಗೆ ಬಂದಿದ್ದ ಆ ರಕ್ತ ಹೀರುವ ಪಿಶಾಚಿಯ ಇಂಗ್ಲಿಷ್ ಸಿನಿಮಾ ಶುದ್ಧ ದಂಡ. ಬಾವಲಿಗೆ ಕಟ್ಟಿದ್ದ ದಾರ ಕಾಣುತ್ತಿತ್ತು, ಪಿಶಾಚಿ ಬಾಯಿ ತೆರೆದರೆ ಕೋರೆಹಲ್ಲು ಅಲುಗಾಡುತ್ತಿತ್ತು. ಹೆಂಗಸರ ಕಡೆ ಮರಳಿನ ಮೇಲೆ ಕೂತು ಮುಸಿಮುಸಿ ನಗುತ್ತಿದ್ದೆ.

ಪಿಶಾಚಿ ಮಲಗಿದ್ದ ಹುಡುಗಿಯ ಕೊರಳಿಗೆ ಬಾಗಿತು. ಪಕ್ಕದಲ್ಲಿದ್ದ ಅತ್ತೆ ದಡಕ್ಕನೆ ಎದ್ದು, ಪೂಜೆಗಲ್ಲದೆ ಹೊರಗೆ ತೆಗೆಯದ ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪರದೆಯತ್ತ ಚಾಚಿದರು. "ಬಿಡೋ ಅವ್ಳನ್ನ!"

ಪಿಶಾಚಿ ಮುಖ ಮುಚ್ಚಿಕೊಂಡು ಹಿಂದೆ ಸರಿಯಿತು. ಅದೇ ಗಳಿಗೆಗೆ ಪರದೆಯ ಮೂಲೆಯಲ್ಲಿ ಪಾದ್ರಿಯೊಬ್ಬ ಶಿಲುಬೆ ಎತ್ತಿದ್ದನ್ನು ನಾನು ಕಂಡಿದ್ದೆ. ಆದರೂ ಎಲ್ಲರ ಜೊತೆ ನಾನೂ ಕೈ ಮುಗಿದೆ, ಅತ್ತೆಯ ಕಡೆಗೆ.

ಅವರು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೂತರು. "ಅವ್ಳ ಕೊರಳಲ್ಲಿ ಏನೂ ಇರ್ಲಿಲ್ಲ ಕಣೇ, ಪಾಪ. ನಾವು ಸುಮ್ನೆ ನೋಡ್ತಾ ಕೂತಿದ್ವಲ್ಲ!"