ಹೊಳೆಯಬಾರದ ನೆಲ

ಮರದ ನೆಲಕ್ಕೆ ಮೊದಲ ಶತ್ರು ನೀರು ಎನ್ನುತ್ತಾರೆ ನಮ್ಮ ಅತ್ತೆ. ಎರಡನೆಯ ಶತ್ರು ನಮ್ಮ ಮಾವ.

ಅತ್ತೆ ನೃತ್ಯಶಾಲೆಯೊಂದರ ನೆಲ ನೋಡಿಕೊಳ್ಳುತ್ತಾರೆ. ಅಲ್ಲಿ ಕುಣಿಯುವ ಹುಡುಗಿಯರಿಗೆಲ್ಲ ಅವರು 'ನೆಲದಮ್ಮ'. ಮೊದಲು ಹಲಗೆಯ ಗೆರೆ ಹೋದ ಕಡೆಗೇ ಮೆತ್ತನೆಯ ಪೊರಕೆ ಆಡಿಸುತ್ತಾರೆ. ಆಮೇಲೆ ಬಟ್ಟೆಯನ್ನು ಅದ್ದಿ, ಹಿಂಡಿ ಹಿಪ್ಪೆ ಮಾಡಿ, ಕೆನ್ನೆಗೆ ಒತ್ತಿ ನೋಡುತ್ತಾರೆ. ತಂಪು ಹತ್ತಬೇಕು, ತೇವ ಹತ್ತಬಾರದು. ಒರೆಸಿ ಆರಿದ ಮೇಲೆ ಕಣ್ಣು ಮುಚ್ಚಿಕೊಂಡು ಬರಿಗಾಲಲ್ಲಿ ಇಡೀ ಶಾಲೆ ನಡೆಯುತ್ತಾರೆ. ಎಲ್ಲಾದರೂ ಸಿಬಿರು ಎದ್ದಿದ್ದರೆ ಅದು ಮೊದಲು ಅವರ ಅಂಗಾಲಿಗೆ ಸಿಗಬೇಕು, ಮಕ್ಕಳ ಕಾಲಿಗಲ್ಲ. ಅವರ ಮಂಡಿಗಳು ಸವೆದಿವೆ. ನನ್ನ ಭುಜ ಹಿಡಿಯದೆ ಕೂತಲ್ಲಿಂದ ಏಳಲಾರರು. ಆದರೂ ಆ ನೆಲವನ್ನು ಇನ್ನೊಬ್ಬರ ಕೈಗೆ ಕೊಟ್ಟವರಲ್ಲ.

ಮಾವ ಜೀವಮಾನವೆಲ್ಲ ಮೇಜು ಕುರ್ಚಿಗಳಿಗೆ ಪಾಲಿಶ್ ಹಾಕಿದವರು. ಮುಖ ಕಾಣದ ಮರ ಅವರ ಲೆಕ್ಕದಲ್ಲಿ ಮರವೇ ಅಲ್ಲ. ಎತ್ತು ಏರಿಗೆ, ಕೋಣ ನೀರಿಗೆ.

"ನಿನ್ನ ನೆಲ ನೋಡಿದ್ರೆ ಜ್ವರ ಬಂದು ಎದ್ದಂಗಿದೆ," ಎನ್ನುವರು ಮಾವ.

"ನಿಮ್ಮ ಮೇಜಿನ ಮೇಲೆ ಯಾರೂ ಕುಣಿಯಲ್ಲ ರೀ," ಎನ್ನುವರು ಅತ್ತೆ.

ನನ್ನ ನಾದಿನಿ ನರ್ತಕಿ. ಹಿಂದಿನ ವರ್ಷ ಬೇರೊಂದು ಊರಿನ ರಂಗದ ಮೇಲೆ ಬಿದ್ದು ಕಾಲು ಮುರಿದುಕೊಂಡಳು. ಮೂಳೆ ಕೂಡಿತು, ಹೆದರಿಕೆ ಹೋಗಲಿಲ್ಲ. ಅಪ್ಪನಿಗೆ ಕಾಲು ಉಳುಕಿ ಬಿದ್ದೆ ಎಂದಿದ್ದಳು. ನೆಲ ಜಾರಿತು ಎಂದು ಹೇಳಿದ್ದು ಅಮ್ಮನಿಗೆ ಮಾತ್ರ. ಆಮೇಲೆ ಕುರ್ಚಿಯಲ್ಲಿ ಕೂತು ಮಕ್ಕಳಿಗೆ ಪಾಠ ಹೇಳುತ್ತಿದ್ದಳೇ ಹೊರತು ಒಂದು ಹೆಜ್ಜೆಯನ್ನೂ ಹಾಕಿರಲಿಲ್ಲ. ಕೊನೆಗೂ ಒಂದು ಕಾರ್ಯಕ್ರಮಕ್ಕೆ ಒಪ್ಪಿದಳು.

"ನಿನ್ನ ನೆಲ ಅಂತ ಒಪ್ಕೊಂಡಿದೀನಿ ಅಮ್ಮ. ಇಲ್ಲೂ ಆಗ್ಲಿಲ್ಲ ಅಂದ್ರೆ ಕುಣಿಯೋದೇ ಬಿಟ್ಟುಬಿಡ್ತೀನಿ."

ಕಾರ್ಯಕ್ರಮದ ದಿನ ಬೆಳಿಗ್ಗೆ ಅತ್ತೆ, ನಾದಿನಿ, ನಾನು ಮೂವರೂ ಶಾಲೆಗೆ ಹೋದರೆ ಬಾಗಿಲು ಆಗಲೇ ತೆರೆದಿತ್ತು. ಮೇಣದ ವಾಸನೆ ಮೂಗಿಗೆ ಬಡಿಯಿತು. ನೆಲದ ನಟ್ಟನಡುವೆ ಕಿಟಕಿಗಳು ತಲೆಕೆಳಗಾಗಿ ಹೊಳೆಯುತ್ತಿದ್ದವು. ಮಾವ ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ನಿಂತಿದ್ದರು.

"ನನ್ನ ಮಗಳು ಕುಣಿಯೋ ನೆಲ ಮಂಕಾಗಿರಬಾರದು. ಈಗ ನೋಡಿ."

ನಾದಿನಿ ನೋಡಿದಳು. ಹಿಂದೆ ಸರಿದು ಹೊರಗಿನ ಮೆಟ್ಟಿಲ ಮೇಲೆ ಕುಸಿದಳು. "ನನ್ನಿಂದಾಗಲ್ಲ ಅಮ್ಮ. ಆವತ್ತು ಬಿದ್ದದ್ದೂ ಇಂಥದರ ಮೇಲೇ."

ಮಾವನ ಮುಖ ಇಂಗು ತಿಂದ ಮಂಗನ ಹಾಗಾಯಿತು. "ನಂಗ್ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಆ ಊರಿಗೇ ಹೋಗಿ ಪಾಲಿಶ್ ಹಾಕ್ದವನ ಹತ್ರ ಜಗಳ ಆಡ್ತಿದ್ರಿ," ಎಂದರು ಅತ್ತೆ.

ಇನ್ನು ರಂಪ ಆಗುತ್ತದೆ ಎಂದುಕೊಂಡೆ ನಾನು. ಅತ್ತೆ ಕಿಟಕಿಗಳನ್ನೆಲ್ಲ ತೆರೆದರು, ಅಷ್ಟೆ. "ಹಚ್ಚಿದವರಿಗೆ ತೆಗೆಯೋದೂ ಗೊತ್ತಿರುತ್ತೆ. ಟರ್ಪೆಂಟೈನ್ ತನ್ನಿ."

ಗಂಡ ಹೆಂಡತಿ ಒಂದೇ ನೆಲದ ಮೇಲೆ ಒಂದೇ ಕೆಲಸಕ್ಕೆ ಮಂಡಿಯೂರಿದ್ದನ್ನು ನಾನು ಕಂಡದ್ದು ಆವತ್ತೇ ಮೊದಲು. ಮಾವ ಮುಂದೆ ಟರ್ಪೆಂಟೈನ್ ಬಟ್ಟೆಯಿಂದ ಮೇಣ ಸಡಿಲಿಸುತ್ತ ಹೋದರು, ಅತ್ತೆ ಹಿಂದೆಯೇ ಒಣಬಟ್ಟೆಯಿಂದ ಎತ್ತುತ್ತ ಬಂದರು. ನಾನು ಬಟ್ಟೆ ಬದಲಿಸಿ ಕೊಡುತ್ತಿದ್ದೆ. ಹಲಗೆಯ ಸಂದಿಯಲ್ಲಿ ಕೂತ ಮೇಣವನ್ನು ಮಾವ ಉಗುರಿಗೆ ಬಟ್ಟೆ ಸುತ್ತಿ ಕೆದಕಿ ತೆಗೆದರು. ಅತ್ತೆ ಬಗ್ಗಿ ನೋಡಿ, "ಪರವಾಗಿಲ್ಲ," ಎಂದರು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ.

ಮಧ್ಯಾಹ್ನ ಕಳೆಯುವ ಹೊತ್ತಿಗೆ ನೆಲ ಮತ್ತೆ ಮಂಕಾಯಿತು. ನಾದಿನಿ ಬಾಗಿಲವರೆಗೆ ಬಂದು ಅಲ್ಲೇ ನಿಂತಳು. "ಎಲ್ಲಾದ್ರೂ ಒಂಚೂರು ಉಳಿದಿದ್ರೆ?"

ಅತ್ತೆ ನನ್ನ ಭುಜ ಹಿಡಿದು ಎದ್ದು ನಡುನೆಲಕ್ಕೆ ನಡೆದರು. "ಎಲ್ಲಿ ಹಾರ್ತೀಯ, ತೋರಿಸು."

ಅವಳು ಬೆರಳು ತೋರಿದಳು.

"ಬೀಳೋ ಹಾಗಿದ್ರೆ ಮೊದಲು ನಾನು ಬೀಳ್ತೀನಿ," ಎಂದವರೇ ಹಾರಿದರು. ಹಿಡಿಯಲು ಓಡಿದ ಮಾವ ಅರ್ಧ ದಾರಿಯಲ್ಲೇ ಇದ್ದರು. ಮಂಡಿಗಳು ಲಟಕ್ಕೆಂದದ್ದು ಬಾಗಿಲವರೆಗೂ ಕೇಳಿಸಿತು. ಇಳಿದ ಪಾದಗಳು ಮಾತ್ರ ಇಳಿದಲ್ಲೇ ಇದ್ದವು, ಎಳ್ಳಷ್ಟೂ ಕದಲಲಿಲ್ಲ. ಅತ್ತೆ ನೋವಿಗೆ ತುಟಿ ಕಚ್ಚಿಕೊಂಡು, "ಇನ್ನೆಲ್ಲಿ?" ಎಂದು ಕೇಳಿದರು.

"ಸಾಕಮ್ಮ," ಎಂದು ನಾದಿನಿ ಅಳುತ್ತ ಚಪ್ಪಲಿ ಬಿಟ್ಟು ಒಳಗೆ ಬಂದಳು. ಇಂಥವರ ಮನೆಗೆ ಸೊಸೆಯಾಗಿ ಬಂದದ್ದು ನನ್ನ ಪುಣ್ಯ ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಸಂಜೆ ಅವಳು ಕುಣಿದಳು. ಎಲ್ಲರೂ ಅವಳನ್ನು ನೋಡುತ್ತಿದ್ದರು, ನಾನು ಗೋಡೆಗೆ ಒರಗಿ ಬರಿಗಾಲಲ್ಲಿ ನಿಂತಿದ್ದ ಅತ್ತೆಯನ್ನು ನೋಡುತ್ತಿದ್ದೆ. ಮಗಳು ಹಾರಿದಾಗಲೆಲ್ಲ ಅವರ ಕಾಲ್ಬೆರಳುಗಳು ನೆಲವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದವು; ಅವಳು ಇಳಿದ ಮೇಲೆಯೇ ಬಿಡುತ್ತಿದ್ದವು.