ಗೋಡೆಯ ಮೇಲಿನ ಕಿರುಬೆರಳು

ಹುಲಗಪ್ಪನ ಎಡಗೈ ಕಿರುಬೆರಳು ಸೊಟ್ಟ. ಹನ್ನೆರಡು ವರ್ಷದ ಹಿಂದೆ ಮುಂಬೈ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ವಾಲ್ವ್ ಕಾರ್ಖಾನೆಯಲ್ಲಿ ಅದು ಪ್ರೆಸ್ಸಿನಡಿ ಸಿಕ್ಕಿ ಜಜ್ಜಿಹೋಗಿತ್ತು. ಪಕ್ಕದಲ್ಲಿ ನಿಲ್ಲುತ್ತಿದ್ದ ರೇವಣಸಿದ್ದ ಮೈಮೇಲಿನ ಅಂಗಿ ಹರಿದು ಸುತ್ತಿ, ರಿಕ್ಷಾದಲ್ಲಿ ಆಸ್ಪತ್ರೆ ಮುಟ್ಟುವವರೆಗೂ ಆ ಬೆರಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದ. ಬೆರಳು ಉಳಿಯಿತು, ಕೊಕ್ಕೆಯ ಹಾಗೆ ಬಾಗಿಕೊಂಡು ಉಳಿಯಿತು.

ಇಬ್ಬರೂ ರಾಯಚೂರು ಕಡೆಯವರು, ಇರುವುದು ಠಾಕುರ್ಲಿಯ ಒಂದೇ ಚಾಳಿನಲ್ಲಿ. ಹುಲಗಪ್ಪ ವಾಲ್ವಿನೊಳಗೆ ದಂಡ ಕೂರಿಸಿ ಎಡಕ್ಕೆ ಚಾಚಬೇಕು. ರೇವಣಸಿದ್ದ ಅದನ್ನು ಇಸಿದುಕೊಂಡು ರಬ್ಬರ್ ಉಂಗುರ ಹಾಕಿ ಮುಚ್ಚಳ ಬಿಗಿಯಬೇಕು. ಹತ್ತೊಂಬತ್ತು ವರ್ಷ ಇದೇ ಕೆಲಸ. ಒಬ್ಬರ ಮುಖ ಒಬ್ಬರು ನೋಡದೆಯೇ ನಡೆಯುತ್ತಿತ್ತು.

ಅಷ್ಟರಲ್ಲಿ ಹತ್ತಿರದ ಮಹಾಪೆಗೆ ಹೊರದೇಶದ ದೊಡ್ಡ ಕಂಪನಿ ಬಂತು. ಬಂಡವಾಳ ಅವರದು, ಯಂತ್ರ ಅವರದು, ವಾಲ್ವ್ ಮಾತ್ರ ಇಲ್ಲಿನ ಸಣ್ಣ ಕಾರ್ಖಾನೆಗಳು ಮಾಡಿಕೊಡಬೇಕು. ಆದರೆ ಅವರು ಹೇಳಿದ ಹಾಗೆ, ಅವರು ಹೇಳಿದ ವೇಗದಲ್ಲಿ. ಅದನ್ನು ಕಲಿಸಲು ಅವರ ಕಡೆಯಿಂದ ಸಂದೇಶ ಅನ್ನುವ ಇಂಜಿನಿಯರ್ ಸ್ಟಾಪ್‌ವಾಚ್ ಹಿಡಿದು ಬಂದ. ಸುಳ್ಳು ಯಾಕೆ ಹೇಳಬೇಕು, ಕಲಿಸಿದ್ದು ಒಳ್ಳೆಯದನ್ನೇ. ಬೋಲ್ಟು ತಿರುಗಿಸುವ ಪಾನಾಗಳಿಗೆ ಒಂದು ಜಾಗ ಅಂತಾಯಿತು. ವಾಪಸು ಬರುವ ಮಾಲು ನಿಂತೇಹೋಯಿತು. ಯಾರು ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಹಳದಿ ಬಣ್ಣದಲ್ಲಿ ಜೋಡಿ ಪಾದ ಬರೆಸಿದ. ಈ ಪಾಠ ಬೇಡವೆಂದ ಅಕ್ಕಪಕ್ಕದ ಎರಡು ಶೆಡ್ಡುಗಳಿಗೆ ಇವತ್ತು ಬೀಗ ಬಿದ್ದಿದೆ.

ಆರ್ಡರ್ ಕೊಡುವ ಮೊದಲು ಕಂಪನಿಯವರು ಕೊನೆಯ ಸಲ ನೋಡಲು ಬಂದ ದಿನ ರೇವಣಸಿದ್ದ ರಜೆಯಲ್ಲಿದ್ದ. ಮಾಲೀಕ ಸರ್ವೋತ್ತಮ ಶೇಠ್ ಉಡುಪಿಯವರು, ಬೆವತುಹೋಗಿದ್ದರು. "ಹುಲಗಪ್ಪ, ನೀನೊಬ್ಬನೇ ಮಾಡಿ ತೋರಿಸು ಮಾರಾಯ. ಇವರು ಒಪ್ಪಿದ್ರೆ ನಾವು ಉಳಿದುಕೊಳ್ತೇವೆ."

ಹುಲಗಪ್ಪ ರಬ್ಬರ್ ಉಂಗುರವನ್ನು ಸೊಟ್ಟ ಬೆರಳಿಗೆ ಸಿಕ್ಕಿಸಿಕೊಂಡ. ಬಲಗೈ ದಂಡ ಕೂರಿಸುತ್ತಿದ್ದಂತೆ ಎಡಗೈ ಉಂಗುರ ಜಾರಿಸಿತು, ಮುಚ್ಚಳವೂ ಬಿಗಿಯಾಯಿತು. ನಲವತ್ತು ಸೆಕೆಂಡು. ಇಬ್ಬರು ಸೇರಿ ಮಾಡಿದರೂ ಎಪ್ಪತ್ತು ಹಿಡಿಯುತ್ತಿದ್ದ ಕೆಲಸ. ಸಂದೇಶ ಮೂರು ಸಲ ಮಾಡಿಸಿ ಕೈಗಳ ಫೋಟೊ ತೆಗೆದ. ಆ ಘಳಿಗೆಯಲ್ಲಿ ಹುಲಗಪ್ಪನ ಎದೆ ಉಬ್ಬಿತ್ತು, ಅದನ್ನು ಅವನೂ ಅಲ್ಲಗಳೆಯುವುದಿಲ್ಲ.

ತಿಂಗಳು ತುಂಬುವುದರೊಳಗೆ ಆರ್ಡರ್ ಬಂತು, ರೇವಣಸಿದ್ದ ಕೆಲಸ ಕಳೆದುಕೊಂಡು ಮನೆಗೆ ಹೋದ. ಹೋಗುವಾಗ ಅವನೇ ಸಮಾಧಾನ ಹೇಳಿದ: "ಹೊರದೇಶದವ್ರ ಲೆಕ್ಕಪ್ಪ ಅದು. ನೀ ಏನ್ ಮಾಡ್ತಿ?" ತಾನೊಬ್ಬನೇ ಮಾಡಿ ತೋರಿಸಿದ್ದನ್ನು ಹುಲಗಪ್ಪ ಹೇಳದೆ ನುಂಗಿಕೊಂಡ.

ಅವನು ಹೋದ ಮೇಲೆ ಸಂದೇಶ ತೆಗೆದಿದ್ದ ಫೋಟೊಗಳ ಚಾರ್ಟ್ ಗೋಡೆಗೆ ಬಂತು. ಮುಖವಿಲ್ಲ, ಹೆಸರಿಲ್ಲ, ಬರೀ ಕೈಗಳು. ನೆಲದಲ್ಲಿ ರೇವಣಸಿದ್ದನ ಹಳದಿ ಪಾದಗಳು ಹಾಗೆಯೇ ಉಳಿದವು, ಯಾರೂ ಕೆರೆದು ತೆಗೆಯಲಿಲ್ಲ. ನಲವತ್ತು ಸೆಕೆಂಡಿಗೊಮ್ಮೆ ಹುಲಗಪ್ಪನ ಕೈ ತಾನಾಗಿ ಎಡಕ್ಕೆ ಚಾಚುತ್ತಿತ್ತು. ಇಸಿದುಕೊಳ್ಳುವವರಿಲ್ಲ. ಆದರೂ ಅಲ್ಲಿ ಯಾರೋ ಕಾಯುತ್ತಿದ್ದಾರೆ ಅನ್ನಿಸುತ್ತಿತ್ತು. ಆ ಕಡೆ ನೋಡುವುದನ್ನೇ ಅವನು ಬಿಟ್ಟ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಕಥೆ. ಹೆಂಡತಿ ಚಂದವ್ವ ಒಂದು ದಿನ ತಡೆಯಲಾರದೆ ಕೇಳಿದಳು: "ಬಾಜೂಕ ಯಾರೂ ಇಲ್ಲ. ಯಾರಿಗ ಕೊಡಾಕತ್ತೀರಿ?"

ರೇವಣಸಿದ್ದ ಪಕ್ಕದೂರು ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಹೊರತೊಡಗಿದ. ಭಾನುವಾರ ತಪ್ಪದೆ ಹುಲಗಪ್ಪನ ಮನೆಗೆ ಬರುವನು, ಸೊಂಟ ಹಿಡಿದುಕೊಂಡು ಕೂರುವನು, ನಗುವನು. ಆ ನಗು ಹುಲಗಪ್ಪನನ್ನು ವಾರವಿಡೀ ಕಾಡುತ್ತಿತ್ತು. ಕೊನೆಗೆ ಸಂದೇಶನ ಮುಂದೆ ಹೋಗಿ ಗೋಗರೆದ: "ಸಾಹೇಬ್, ಎಲ್ಲ್ಯಾರ ಕೆಲಸಕ್ಕ ಹಚ್ರಿ ಅವನ್ನ." "ದೇಖತಾ ಹೂಂ ಕಾಕಾ," ನೋಡುತ್ತೇನೆ ಅಂದ ಸಂದೇಶ. ಎರಡು ತಿಂಗಳಿಗೆ ಮಾತು ಉಳಿಸಿಕೊಂಡ.

ರೇವಣಸಿದ್ದ ಪೇಡೆ ತಂದ. "ಮಹಾಪೆದಾಗ ಕೆಲಸ ಸಿಕ್ತು ದೋಸ್ತ. ಅದೇ ಕಂಪನಿಗಿ ಮಾಲ್ ಕೊಡೋ ಇನ್ನೊಂದು ಫ್ಯಾಕ್ಟರಿ. ಇದೇ ವಾಲ್ವ್. ಗೋಡಿಗಿ ಫೋಟೊ ಹಚ್ಚಿರ್ತಾರಂತ, ನೋಡಿ ಕಲೀಬೇಕಂತ."

ಒಂದು ಕಾರ್ಖಾನೆಯಲ್ಲಿ ಕಲಿತದ್ದನ್ನು ಆ ಕಂಪನಿ ತನ್ನ ಮಾಲು ಮಾಡುವ ಎಲ್ಲರ ಗೋಡೆಗೂ ಅಂಟಿಸುತ್ತದೆ ಎಂಬುದು ಹುಲಗಪ್ಪನಿಗೆ ಹೊಳೆದೇ ಇರಲಿಲ್ಲ. ತಾನೇ ಕೈಹಿಡಿದು ಗೆಳೆಯನನ್ನು ಆ ಚಾರ್ಟಿನ ಮುಂದೆ ನಿಲ್ಲಿಸಿದ ಹಾಗಾಯಿತಲ್ಲ. ಕೈಯಲ್ಲಿದ್ದ ಪೇಡೆ ಕೈಯಲ್ಲೇ ಉಳಿಯಿತು.

ಮುಂದಿನ ಭಾನುವಾರ ರೇವಣಸಿದ್ದ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮೂರನೆಯ ಭಾನುವಾರ ನಾಲ್ಕು ಗಂಟೆಗೆ ಬಂದು, ಚಪ್ಪಲಿ ಬಿಟ್ಟು, ಚಂದವ್ವ ಕೊಟ್ಟ ಚಹಾ ಪೂರ್ತಿ ಕುಡಿದ.

"ಫೋಟೊದಾಗ ಮಾರಿ ಇಲ್ಲ," ಅಂದ. "ಬರೇ ಕೈ. ಆದ್ರ ಆ ಬೆರಳು ನನ್ನ ಮುಷ್ಟಿಯೊಳಗಿತ್ತು ಹುಲಗಪ್ಪ. ಮರೀತೀನೇನು?"

"ಅವತ್ತು ನೀ ಇರಲಿಲ್ಲ. ಶೇಠ್ ತೋರ್ಸು ಅಂದ್ರು. ಹಿಂಗ ಆಗ್ತದಂತ ನನಗ ಗೊತ್ತಿರಲಿಲ್ಲ," ಅಂದ ಹುಲಗಪ್ಪ.

"ಅದನ್ನ ಬಿಡು." ರೇವಣಸಿದ್ದ ಕಿಸೆಯಿಂದ ರಬ್ಬರ್ ಉಂಗುರ ತೆಗೆದು ಚಾಪೆಯ ಮೇಲಿಟ್ಟ. "ನನ್ನ ಬೆರಳು ನೆಟ್ಟಗೈತಿ. ಉಂಗುರ ನಿಂದರವಲ್ದು, ಜಾರ್ತದ. ಒಬ್ಬನೇ ಮಾಡಿದ್ರ ಐವತ್ತೈದು ಸೆಕೆಂಡಿನ ಕೆಳಗ ಇಳಿಯವಲ್ದು. ತಿಂಗಳದಾಗ ನಲವತ್ತಕ್ಕ ಬರಬೇಕಂತ, ಇಲ್ಲಂದ್ರ ಮನಿಗಿ. ನನಗ ಕಲಿಸು."

ಹುಲಗಪ್ಪ ಉಂಗುರವನ್ನು ಮುಟ್ಟಲಿಲ್ಲ. "ಅಲ್ಲಿ ನಿನ್ನ ಬಾಜೂಕ ಯಾರು ನಿಂದರ್ತಾರ?"

"ರತ್ನಾವತಿ ಅಂತ ಒಬ್ಬಾಕಿ. ಸದ್ಯ ಇಬ್ಬರೂ ಕೂಡಿ ಮಾಡ್ತೀವಿ. ನಾ ಕಲತ್ರ ಆಕಿ ಹೋಗ್ತಾಳ." ರೇವಣಸಿದ್ದ ನೆಲ ನೋಡುತ್ತಿದ್ದ. "ಗೊತ್ತಿದ್ದೇ ಕೇಳಾಕತ್ತೀನಿ. ನಿನಗಾದ್ರ ಗೊತ್ತಿರಲಿಲ್ಲ."

ಚಂದವ್ವ ಲೋಟ ಎತ್ತಿಕೊಂಡು ಒಳಗೆ ಹೋದಳು. ಹುಲಗಪ್ಪ ಗೆಳೆಯನ ಎಡಗೈ ಹಿಡಿದು, ಕಿರುಬೆರಳನ್ನು ತನ್ನ ಮುಷ್ಟಿಯೊಳಗೆ ತೆಗೆದುಕೊಂಡ. ಮೆಲ್ಲಗೆ ಒತ್ತಿದ.

"ನೋಯ್ತದ?"

"ನೋಯ್ಲಿ. ಇನ್ನೊಂದಿಷ್ಟು ಬಗ್ಗಸು."

ಹುಲಗಪ್ಪ ಬಗ್ಗಿಸಿದ.