ಮೋಟರ್ ರಿಪೇರಿ, ನಾನು ಫೈನ್

ಯೋಗ ಕಲಿಯಲೆಂದು ಹೊರದೇಶದಿಂದ ಬಂದು ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಮಾರ್ತಾ ದಿನಾ ಬೆಳಿಗ್ಗೆ ಯೋಗಶಾಲೆಗೆ ಹೊರಡುವಾಗ ಮೆಟ್ಟಿಲ ಮೇಲೆ ನಿಂತು ‘ಹೌ ಆರ್ ಯೂ?’ ಎನ್ನುತ್ತಾಳೆ. ನಾನು ‘ಫೈನ್’ ಎನ್ನುತ್ತೇನೆ. ಹಲ್ಲು ನೋವಿದ್ದ ದಿನವೂ ಫೈನ್, ರಾತ್ರಿಯಿಡೀ ನಿದ್ದೆ ಬಾರದ ದಿನವೂ ಫೈನ್. ಸುಳ್ಳು ಹೇಳುವ ಆಸೆಯಿಂದಲ್ಲ. ಫೈನ್ ಅಲ್ಲದ್ದಕ್ಕೆ ಸರಿಯಾದ ಪದ ಹುಡುಕುವಷ್ಟರಲ್ಲಿ ಅವಳು ಗೋಕುಲಂನ ಎರಡು ಕ್ರಾಸ್ ದಾಟಿರುತ್ತಾಳೆ.

ಪದಗಳಿಗೇನೂ ಬರ ಇಲ್ಲ. ಬ್ಯಾಡ್, ಪೂರ್, ಟೆರಿಬಲ್, ಮಿಸರಬಲ್. ಆದರೆ ಮೆಟ್ಟಿಲ ಮೇಲೆ ನಿಂತು ‘ಮಿಸರಬಲ್’ ಎಂದರೆ ಅವಳು ಚೀಲ ಕೆಳಗಿಟ್ಟು ಕೂತೇಬಿಡುತ್ತಾಳೆ. ಸ್ವಲ್ಪ ಚೆನ್ನಾಗಿಲ್ಲ, ತುಂಬಾ ವಿಚಾರಿಸಬೇಡ ಎನ್ನುವುದಕ್ಕೆ ಒಂದು ಪದ ಬೇಕಿತ್ತು ನನಗೆ. ಇಂಗ್ಲಿಷು ಇಂಥ ಕಡೆ ಒಳ್ಳೆಯ ಪದವೊಂದನ್ನು ಹಿಡಿದು ಅದರ ಮೂತಿಗೆ ಅನ್, ಇನ್, ಡಿಸ್ ಎಂದೇನಾದರೂ ಅಂಟಿಸಿ ಕಳಿಸುತ್ತದೆ. ಅನ್‌ಸ್ಯಾಟಿಸ್‌ಫ್ಯಾಕ್ಟರಿ! ಅಂದರೆ ಬಾಗಿಲಲ್ಲೇ ಇಲ್ಲ ಅಂದುಬಿಟ್ಟಂತೆ. ನಮ್ಮ ‘ಚೆನ್ನಾಗಿಲ್ಲ’ ನೋಡಿ, ಮೊದಲು ಚೆನ್ನಾಗಿ ಎಂದು ಒಳಗೆ ಕರೆದು, ಕೂರಿಸಿ, ಕಾಫಿ ಕೊಟ್ಟು, ಲೋಟ ಕೆಳಗಿಟ್ಟ ಮೇಲೆ ಇಲ್ಲ ಎನ್ನುತ್ತದೆ. ‘ಪರವಾಗಿಲ್ಲ’ವಂತೂ ಇನ್ನೂ ವಿಚಿತ್ರ. ಪರವಾ ಎಂಬ ಚಿಂತೆ ಪರ್ಷಿಯಾದಿಂದ ಬಂದದ್ದು, ಇಲ್ಲ ಎಂಬುದು ನಮ್ಮದೇ. ಬಾಲದಲ್ಲಿ ‘ಇಲ್ಲ’ ಇಟ್ಟುಕೊಂಡೇ ನಾವು ಹೇಳುವ ಅತ್ಯಂತ ನೆಮ್ಮದಿಯ ಉತ್ತರ ಅದು. ಇತ್ತ ‘ಫೈನ್’ ಕನ್ನಡಕ್ಕೆ ಬಂದು ಸಿಗ್ನಲ್ ದಾಟಿದವರಿಗೆ ಹಾಕುವ ದಂಡವಾಗಿದೆ.

ನಾವು ಇಂಗ್ಲಿಷಿನಿಂದ ತಂದ ಕೆಟ್ಟ ಪದಗಳೆಲ್ಲ ಹೀಗೇ ನಮ್ಮ ಮನೆಯ ಮಕ್ಕಳಾಗಿವೆ. ಡಲ್ಲು, ವೀಕು, ಔಟು. ಇಂಗ್ಲಿಷಿನವರಿಗೆ ಗಂಭೀರ ಸ್ವಭಾವದವನು ಸೀರಿಯಸ್. ನಮ್ಮಲ್ಲಿ ಒಬ್ಬರು ‘ಸೀರಿಯಸ್ಸಂತೆ’ ಎಂದರೆ ನೆಂಟರು ಬಸ್ ಹತ್ತುತ್ತಾರೆ. ಆದರೆ ಇವೆಲ್ಲಕ್ಕೂ ಮಿಗಿಲಾದ ಒಂದು ಪದ ಹೋದ ತಿಂಗಳು ನಮ್ಮ ಮನೆಯಲ್ಲಿ ರಂಪ ಮಾಡಿತು.

ಅಂದು ನೀರೆತ್ತುವ ಮೋಟರ್ ಕೈಕೊಟ್ಟಿತ್ತು. ನಾನು ಮಾರ್ತಾಗೆ ಅದನ್ನು ತಿಳಿಸಿದೆ. ಅವಳು ‘ವಂಡರ್‌ಫುಲ್!’ ಎಂದು ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ತಲೆತುಂಬ ಶಾಂಪೂ ನೊರೆ ಹೊತ್ತು, ಟವೆಲ್ ಸುತ್ತಿಕೊಂಡು, ಒಂದು ಕಣ್ಣು ಮುಚ್ಚಿ ಮೆಟ್ಟಿಲಿಳಿದು ಬಂದು ‘ನೋ ವಾಟರ್! ನೋ ಗುಡ್!’ ಎಂದಳು. ನಾನು ವರ್ಷಾನುಗಟ್ಟಲೆ ಹುಡುಕಿದ ಇಂಗ್ಲಿಷು ಅವಳಿಗೆ ಎರಡೇ ಪದದಲ್ಲಿ ಸಿಕ್ಕಿತ್ತು. ಅವಳದೂ ಮನೆಮಾತು ಇಂಗ್ಲಿಷಲ್ಲ ಎಂಬುದು ನನ್ನ ಸಮಾಧಾನ.

ನನ್ನ ಹೆಂಡತಿ ಸರಳಾ ಬಕೆಟ್ ನೀರು ಕೊಟ್ಟು ಕಳಿಸಿ, ನನ್ನ ಕಡೆ ತಿರುಗಿದಳು. “ಏನ್ ಹೇಳಿದ್ರಿ ಅವಳಿಗೆ?”

“ಮೋಟರ್ ಈಸ್ ಅಂಡರ್ ರಿಪೇರ್ ಅಂದೆ.”

“ಇಲ್ಲ ಕಣ್ರೀ. ನಾನಿಲ್ಲೇ ಸೊಪ್ಪು ಬಿಡಿಸ್ತಾ ಇದ್ದೆ. ಮೋಟರ್ ರಿಪೇರಿ ಅಂದ್ರಿ.”

ಮಾರ್ತಾಳನ್ನು ಕೇಳಿದರೆ ನಾನು ‘ರಿಪೇರ್ಡ್’ ಎಂದೆನಂತೆ. ಕೊನೆಯ ಅಕ್ಷರವನ್ನು ಅವಳೇ ತನ್ನ ಕೈಯಿಂದ ಹಾಕಿಕೊಂಡಿದ್ದಳು. ಅವಳ ತಪ್ಪೇನಿದೆ? ನಮಗೆ ರಿಪೇರಿ ಎಂದರೆ ಕೆಟ್ಟದ್ದು, ನಿಮಗೆ ಸರಿಯಾದದ್ದು ಎಂದು ಅವಳಿಗೆ ಬಿಡಿಸಿ ಹೇಳಿದೆ. ಮದ್ದಿನ ಹೆಸರನ್ನೇ ರೋಗಕ್ಕಿಟ್ಟು ಬದುಕುವವರು ನಾವು.

ಇಷ್ಟಕ್ಕೇ ನಗುತ್ತಾ ಮುಗಿಸಬಹುದಿತ್ತು. ಸರಳಾ ನಗಲಿಲ್ಲ. “ಈಚೆಗೆ ಹೇಳಿದ್ದನ್ನ ಹೇಳಿಲ್ಲ ಅಂತೀರಿ, ಹೇಳದೇ ಇದ್ದದ್ದನ್ನ ಹೇಳಿದೆ ಅಂತೀರಿ. ಒಂದ್ಸಲ ಡಾಕ್ಟರಿಗೆ ತೋರಿಸೋಣ” ಎಂದಳು. ಅವಳು ಏನನ್ನು ನೆನೆದು ಹಾಗೆಂದಳೆಂದು ನನಗೆ ಗೊತ್ತಿತ್ತು. ನಮ್ಮ ತಂದೆ ಕೊನೆಗಾಲದಲ್ಲಿ ನನ್ನನ್ನು ಪೋಸ್ಟ್‌ಮನ್ ಅಂದುಕೊಂಡು, ಸಹಿ ಎಲ್ಲಿ ಹಾಕಲಿ ಎಂದು ವಿನಯದಿಂದ ಕೇಳುತ್ತಿದ್ದರು.

ನಾನು ಮಾನಸಗಂಗೋತ್ರಿಯಲ್ಲಿ ತತ್ವಶಾಸ್ತ್ರ ಓದಿದವನು. ಎಲ್ಲವನ್ನೂ ಅನುಮಾನಿಸು ಎಂದು ಅಲ್ಲಿ ಕಲಿಸಿದರು. ಅನುಮಾನಿಸುವ ತಲೆಯನ್ನೇ ಅನುಮಾನಿಸಬೇಕಾಗಿ ಬಂದರೆ ಏನು ಮಾಡಬೇಕೆಂಬುದು ಸಿಲೆಬಸ್ಸಿನಲ್ಲಿರಲಿಲ್ಲ. ಇದ್ದಿರಲೂಬಹುದು, ಮರೆತಿದ್ದೇನೆ. ಅಂಡರ್ ರಿಪೇರ್ ಎಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ, ಆ ‘ಅಂಡರ್’ ಹೇಳುವಾಗ ಬಂದ ಸಣ್ಣ ಹೆಮ್ಮೆಯ ಸಮೇತ. ಆದರೆ ಸುಳ್ಳು ನೆನಪು ಸುಳ್ಳು ಎಂದು ಬೋರ್ಡು ಹಾಕಿಕೊಂಡು ಬರುವುದಿಲ್ಲವಲ್ಲ.

ಸಂಜೆ, ಮೆಕ್ಯಾನಿಕ್ ಬಂದು ಮೋಟರ್ ಸರಿಮಾಡಿ ಹೋದ ಮೇಲೆ, ಲಷ್ಕರ್ ಮೊಹಲ್ಲಾದಲ್ಲಿರುವ ನಮ್ಮ ಹಳೆಯ ಡಾಕ್ಟರಮ್ಮನ ಹತ್ತಿರ ಆಟೋದಲ್ಲಿ ಹೊರಟೆವು. ರೈಲ್ವೆ ಸ್ಟೇಷನ್ ದಾಟಿದ ಮೇಲೆ ನಾನು, “ನನ್ನ ತಲೆ ಕೆಟ್ಟೋಗಿದೆ ಅಂತ ತಾನೇ ನಿನ್ನ ಅಭಿಪ್ರಾಯ?” ಎಂದೆ.

“ಛೆ, ಕೆಟ್ಟೋಗಿದ್ರೆ ಹಾಗಂತಲೇ ಹೇಳ್ತಿದ್ದೆ. ಸ್ವಲ್ಪ ರಿಪೇರಿ ಬಂದಿದೆ, ಅಷ್ಟೆ” ಎಂದು ಸೆರಗು ಸರಿಮಾಡಿಕೊಂಡಳು. ಅಳುವ ಮೊದಲು ಅವಳು ಸೆರಗು ಸರಿಮಾಡಿಕೊಳ್ಳುತ್ತಾಳೆ. ಇದು ನನಗೆ ಖಂಡಿತ ನೆನಪಿದೆ.

ಡಾಕ್ಟರಮ್ಮ ‘ಹೇಗಿದೀರಾ?’ ಎಂದ ತಕ್ಷಣ ನನ್ನ ಬಾಯಿ ತಾನಾಗಿ ‘ಫೈನ್’ ಎಂದಿತು. ಸರಳಾ ನನ್ನ ಕಾಲು ತುಳಿದಳು. ಆಮೇಲೆ ಡಾಕ್ಟರಮ್ಮ ಮೂರು ಪದ ಹೇಳಿ, ‘ನೆನಪಿಟ್ಕೊಳ್ಳಿ, ಕೊನೇಲಿ ಕೇಳ್ತೀನಿ’ ಎಂದು, ಊಟ ನಿದ್ದೆಯ ವಿಚಾರವೆಲ್ಲ ಮಾತಾಡಿ, ಕೊನೆಗೆ ಕೇಳಿದರು. ಮಾವು ಬಂತು. ಬೀಗ ಬಂತು. ಮೂರನೆಯದು ಬಾಗಿಲವರೆಗೆ ಬಂದು ಹಿಂದಕ್ಕೆ ಹೋಯಿತು.

“ಗಡಿಯಾರ” ಎಂದರು ಅವರು.

“ಅದು ರಿಪೇರಿಗೆ ಹೋಗಿದೆ, ಡಾಕ್ಟ್ರೇ.”

ಅವರು ಜೋರಾಗಿ ನಕ್ಕರು. “ಇಷ್ಟು ಬೇಗ ಜೋಕು ಹೊಳೆಯುತ್ತಲ್ಲ, ಈಗಲೇ ಹೆದರಬೇಕಾಗಿಲ್ಲ. ರಕ್ತ ಪರೀಕ್ಷೆ ಮಾಡಿಸಿ, ವಾಕಿಂಗ್ ಮಾಡಿ, ಆಮೇಲೆ ಇನ್ನೊಂದ್ಸಲ ನೋಡೋಣ” ಎಂದರು. ಅನುಮಾನದವನಾದ ನನಗೆ ಆ ‘ಈಗಲೇ’ ಎಂಬ ಪದ ಚುಚ್ಚಿತು. ಸರಳಾಗೆ ಅದು ಕೇಳಿಸಲೇ ಇಲ್ಲ. ಕೇಳಿಸಿಕೊಳ್ಳಲಿಲ್ಲ ಎಂದೂ ಇರಬಹುದು.

ಮನೆಗೆ ಬಂದಾಗ ಮಾರ್ತಾ ಮೆಟ್ಟಿಲ ಮೇಲೆ ಕೂತಿದ್ದಳು. ‘ಹೌ ಆರ್ ಯೂ?’ ಎಂದಳು. ಮೊದಲ ಸಲ ನಾನು ನಿಧಾನವಾಗಿ ಯೋಚಿಸಿ, “ರಿಪೇರಿ” ಎಂದೆ.

ಅವಳು ನನ್ನ ಮುಖವನ್ನೇ ನೋಡುತ್ತಾ ತನ್ನ ಮುರುಕು ಕನ್ನಡದಲ್ಲಿ ಕೇಳಿದಳು: “ನಿಮ್ಮ ರಿಪೇರಿ? ನಮ್ಮ ರಿಪೇರಿ?”

ತತ್ವಶಾಸ್ತ್ರದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಉತ್ತರ ಹುಡುಕುತ್ತಿರುವಾಗ ಮೇಲಿಂದ ಧಡಧಡನೆ ನೀರು ಸುರಿಯತೊಡಗಿತು. ಟ್ಯಾಂಕು ತುಂಬಿ ಹರಿಯುತ್ತಿತ್ತು. ಸರಿಹೋದ ಮೋಟರಿನ ಸ್ವಿಚ್ಚು ಹಾಕಿಯೇ ನಾವು ಮನೆ ಬಿಟ್ಟಿದ್ದೆವು.

“ನೀವ್ ಹಾಕಿದ್ರಾ?” ಎಂದಳು ಸರಳಾ.

“ನೀನಲ್ವಾ?”

ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಇಬ್ಬರಿಗೂ ನೆನಪಾಗಲಿಲ್ಲ. ಇಡೀ ದಿನದಲ್ಲಿ ಮೊದಲ ಬಾರಿಗೆ ಸರಳಾ ನಕ್ಕಳು. ಮಾರ್ತಾ ಸುರಿಯುವ ನೀರಲ್ಲೇ ಒಳಗೋಡಿ ಸ್ವಿಚ್ಚು ಆರಿಸಿ, ಒದ್ದೆ ಕೂದಲಲ್ಲಿ ಹೊರಬಂದು, “ಪರವಾಗಿಲ್ಲ” ಎಂದಳು.